ಗ್ರಾಗಿ: ತೂರಾಡುವ ಪದದ ಹಿಂದೊಂದು ಮೇಲಂಗಿ

ಇಂಗ್ಲಿಷಿನಲ್ಲಿ 'ಗ್ರಾಗಿ' ಎಂದೊಂದು ಪದವಿದೆ. ತಲೆ ಮಂಕಾಗಿ ಕಾಲು ನೆಲದಲ್ಲಿ ನಿಲ್ಲದ ಸ್ಥಿತಿಗೆ ಹಾಗೆನ್ನುತ್ತಾರೆ. ಇದರ ಮೂಲ ಒಂದು ಮೇಲಂಗಿ ಎಂದರೆ ನಂಬುತ್ತೀರಾ?

ಎಡ್ವರ್ಡ್ ವರ್ನನ್ (1684-1757) ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್. 1739ರಲ್ಲಿ ಬರೇ ಆರು ಹಡಗುಗಳಿಂದ ಸ್ಪೇನಿನವರ ಪೋರ್ಟೊ ಬೆಲ್ಲೊ ಬಂದರನ್ನು ಗೆದ್ದವನು. ಗ್ರೋಗ್ರಮ್ ಎಂಬ ಒರಟು ಬಟ್ಟೆಯ ಮೇಲಂಗಿ ತೊಡುತ್ತಿದ್ದನಂತೆ, ಹಾಗಾಗಿ ನಾವಿಕರು ಅವನಿಗಿಟ್ಟ ಅಡ್ಡಹೆಸರು 'ಓಲ್ಡ್ ಗ್ರಾಗ್'. (ನಮ್ಮ ಮಕ್ಕಳೂ ಮಾಷ್ಟ್ರುಗಳಿಗೆ ಹೀಗೆಯೇ ಹೆಸರಿಡುವುದು, ನಮಗೆ ಗೊತ್ತಿಲ್ಲವೆಂದು ಅವರ ಎಣಿಕೆ!)

1655ರಲ್ಲಿ ಜಮೈಕಾ ಇಂಗ್ಲಿಷರ ಕೈಸೇರಿದ ಮೇಲೆ ಆ ಕಡಲಿನ ಹಡಗುಗಳಲ್ಲಿ ರಮ್ ಹಂಚುವ ರೂಢಿ ಬೆಳೆಯಿತು. ಬಿಯರ್ ಪೀಪಾಯಿಯಲ್ಲೇ ಕೆಡುತ್ತಿತ್ತು, ರಮ್ ಕೆಡುತ್ತಿರಲಿಲ್ಲ. ಆ ರಮ್ಮಿಗೆ ಬೇಕಾದ ಕಬ್ಬು ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ನಿಘಂಟಿನ ಪದಮೂಲದಲ್ಲಿ ಅಡ್ಮಿರಲನ ಅಂಗಿಗೆ ಜಾಗವಿದೆ, ಅವರಿಗಿಲ್ಲ.

ಒಬ್ಬೊಬ್ಬನಿಗೆ ದಿನಕ್ಕೆ ಅರ್ಧ ಪೈಂಟ್, ಅಂದರೆ ಸುಮಾರು ಕಾಲು ಲೀಟರ್! ಒಂದೇ ಗುಟುಕಿಗೆ ಕುಡಿದು ಹಗ್ಗದ ಏಣಿ ಹತ್ತಿದರೆ ಗತಿಯೇನು? 1740ರ ಆಗಸ್ಟ್ 21ರಂದು ವರ್ನನ್ ಆಜ್ಞೆ ಹೊರಡಿಸಿದ: ಅದಕ್ಕೆ ನಾಲ್ಕು ಪಾಲು ನೀರು ಬೆರೆಸಬೇಕು, ಅಧಿಕಾರಿಯ ಕಣ್ಣೆದುರೇ ಬೆರೆಸಬೇಕು, ದಿನಕ್ಕೆರಡು ಸಲ ಕೊಡಬೇಕು. ನಾವಿಕರು ಈ ನೀರು ರಮ್ಮಿಗೂ ಅವನ ಅಡ್ಡಹೆಸರನ್ನೇ ಅಂಟಿಸಿದರು - ಗ್ರಾಗ್. ಅದು ಕುಡಿದು ತೂರಾಡುವವನು ಗ್ರಾಗಿ. ನೌಕಾಪಡೆಯ ದಿನದ ರಮ್ ನಿಂತದ್ದು 1970ರ ಜುಲೈ 31ಕ್ಕೆ.

ಪದ ಮಾತ್ರ ಅಷ್ಟರೊಳಗೆ ಹಡಗಿನಿಂದ ಇಳಿದಾಗಿತ್ತು. 19ನೆಯ ಶತಮಾನದಲ್ಲಿ ಮುಂಗಾಲು ಸೋತ ಕುದುರೆಯೂ ಗ್ರಾಗಿ, ಪೆಟ್ಟು ತಿಂದು ತತ್ತರಿಸುವ ಬಾಕ್ಸರನೂ ಗ್ರಾಗಿ. ಈಗ ಕುಡಿತದ ಅರ್ಥ ಹೆಚ್ಚುಕಡಿಮೆ ಉದುರಿಹೋಗಿದೆ. ನಿದ್ದೆ, ಜ್ವರ, ಮದ್ದಿನ ಮಂಪರಿಗೇ ಬಳಕೆ ಹೆಚ್ಚು.

ನಮ್ಮ ಕಾಸರಗೋಡಿನ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ನಾಲ್ಕನೆಯದಾದ ಇಂಗ್ಲಿಷಿಗೆ ಹಳೇ ನಿಘಂಟೇ ಆಸರೆ. ಅದರಲ್ಲಿ ಮೊದಲು ಸಿಗುವುದು 'ಕುಡಿದ, ಅಮಲೇರಿದ' ಎಂಬ ಅರ್ಥ. ಆಪರೇಷನ್ ಮುಗಿದು ಎಚ್ಚರಗೊಂಡ ರೋಗಿ ಗ್ರಾಗಿಯಾಗಿದ್ದ ಎಂಬ ವಾಕ್ಯವನ್ನು ಹುಡುಗನೊಬ್ಬ ಕನ್ನಡಕ್ಕೆ ತಂದಾಗ ಆ ಬಡಪಾಯಿ ಆಸ್ಪತ್ರೆಯಲ್ಲೇ ಕುಡುಕನಾಗಿಬಿಟ್ಟ ಮಾರಾಯ್ರೇ! ಅಲ್ಲಿ 'ಮಂಪರು' ಎಂದರೆ ಸಾಕಿತ್ತು. ಬಾಕ್ಸರ್ 'ತತ್ತರಿಸುತ್ತಾನೆ', ಕುಡುಕ 'ತೂರಾಡುತ್ತಾನೆ', ಹೊಸದಾಗಿ ನಡೆಯುವ ಮಗು 'ತಟ್ಟಾಡುತ್ತದೆ'. ಆ ಮಗುವಿಗೆ ಮಾತ್ರ ಗ್ರಾಗಿ ಎನ್ನುವ ವಾಡಿಕೆ ಇಂಗ್ಲಿಷಿನಲ್ಲಿಲ್ಲ.