ಎರಡು ತಲೆಯ ಹಕ್ಕಿಯ ಜನ್ಮವೃತ್ತಾಂತ

ಕಲ್ಪಿತ ಪ್ರಾಣಿಗೆ ಆಕಾರವನ್ನು ಕೊಡುವುದು ಅಷ್ಟೇನೂ ದುಸ್ಸಾಧ್ಯವಲ್ಲ. ಸಿಂಹದ ಒಡಲಿಗೆ ಆನೆಯ ಸೊಂಡಿಲನ್ನೋ ಹಕ್ಕಿಯ ರೆಕ್ಕೆಯನ್ನೋ ಹೊಂದಿಸಿದರೆ ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ. ಆದರೆ ಅದು ಎಲ್ಲಿಂದ ಬಂದಿತು, ಯಾವ ಕಾರ್ಯಕ್ಕಾಗಿ ಈ ಲೋಕದಲ್ಲಿ ಹುಟ್ಟಬೇಕಾಯಿತು ಎಂದು ಕೇಳುವ ಮನಸ್ಸನ್ನು ಒಪ್ಪಿಸುವುದರಲ್ಲಿಯೇ ಅದ್ಭುತಕಥೆಯನ್ನು ಹೆಣೆಯುವವನ ಪ್ರತಿಭೆಯ ನಿಜವಾದ ಪರೀಕ್ಷೆಯಿರುವುದು. ನಮ್ಮ ನಾಡಿನಲ್ಲಿ ಶಿಲ್ಪಿಗಳೂ ಪೌರಾಣಿಕರೂ ಅರಸರೂ, ಒಬ್ಬರನ್ನೊಬ್ಬರು ಕಾಣದೆ, ಶತಮಾನಗಳ ಉದ್ದಕ್ಕೂ ಸೇರಿ ಹುಟ್ಟಿಸಿದ ಪ್ರಾಣಿಯೊಂದುಂಟು. ಅದೇ ಗಂಡಭೇರುಂಡ.

ಒಂದು ದೇಹಕ್ಕೆ ಎರಡು ತಲೆಯುಳ್ಳ ಹಕ್ಕಿಯ ಭಾವನೆ ಮಾತ್ರ ಬಹು ಪುರಾತನವಾದುದು. ತಕ್ಷಶಿಲೆಯ ಸಿರ್ಕಪ್ ನಗರದ ಅವಶೇಷಗಳಲ್ಲಿ, ಸುಮಾರು ಕ್ರಿಸ್ತಶಕದ ಆದಿಯ ಸ್ತೂಪವೊಂದರ ಪೀಠದಲ್ಲಿ, ಅಂತಹ ಹಕ್ಕಿ ಕಾಣಬರುತ್ತದೆ. ಪಂಚತಂತ್ರದಲ್ಲಿಯೂ ಒಂದೇ ಹೊಟ್ಟೆಗೆ ಎರಡು ಕೊರಳುಗಳಿದ್ದ ಭಾರುಂಡವೆಂಬ ಪಕ್ಷಿಯ ಕಥೆಯಿದೆ: ಒಂದು ಬಾಯಿಗೆ ದೊರೆತ ಅಮೃತಸಮಾನವಾದ ಫಲವನ್ನು ಅದು ಇನ್ನೊಂದಕ್ಕೆ ಕೊಡದೆ ಹೋದುದರಿಂದ, ಆ ಇನ್ನೊಂದು ಬಾಯಿ ಹಗೆಯಿಂದ ವಿಷಫಲವನ್ನು ತಿಂದು, ಎರಡೂ ಏಕಕಾಲದಲ್ಲಿ ನಾಶವಾದುವು. ಆ ಪಕ್ಷಿಗೆ ವಂಶವಿಲ್ಲ, ಉದ್ದೇಶವಿಲ್ಲ, ವೀರ್ಯವೂ ಇಲ್ಲ. ಇದೇ ರೂಪ ಕನ್ನಡನಾಡಿಗೆ ಬಂದು ಮಹಾವೀರನ ಪದವಿಯನ್ನು ಪಡೆದುದು ನನಗೆ ಎಂದಿಗೂ ಆಶ್ಚರ್ಯದ ಸಂಗತಿ.

ಶಿವಮೊಗ್ಗೆಯ ಸೀಮೆಯ ಬಳ್ಳಿಗಾವಿಯಲ್ಲಿ ಚಾಲುಕ್ಯ ಸೋಮೇಶ್ವರನ ಅಧೀನನಾಗಿ ಬನವಾಸಿ ಪನ್ನಿರ್ಛಾಸಿರವೆಂಬ ಪ್ರಾಂತವನ್ನು ಆಳುತ್ತಿದ್ದ ಚಾವುಂಡರಾಯರಸನು 1047ರಲ್ಲಿ ನಿಲ್ಲಿಸಿದ ಭೇರುಂಡಸ್ತಂಭವನ್ನು ನೋಡಿದವರು ಅದರ ಎತ್ತರಕ್ಕಿಂತಲೂ ಹೆಚ್ಚಾಗಿ ಅದಕ್ಕೆ ಸೇರಿದ ಭೇರುಂಡಮೂರ್ತಿಯ ವಿಚಿತ್ರಾಕೃತಿಗೆ ಬೆರಗಾಗುತ್ತಾರೆ. ಅಲ್ಲಿಯ ಭೇರುಂಡ ಹಕ್ಕಿಯಲ್ಲ. ಮನುಷ್ಯನ ಮೈಯುಳ್ಳ ವೀರ, ಅವನ ಹೆಗಲಿನ ಮೇಲೆ ಮಾತ್ರ ಎರಡು ಪಕ್ಷಿಶಿರಗಳು. ಹೆಸರಿನ ಮೊದಲಲ್ಲಿರುವ ‘ಗಂಡ’ ಶಬ್ದವು, ‘ಮೂರುರಾಯರ ಗಂಡ’ ಎಂಬ ಬಿರುದಿನಲ್ಲಿರುವಂತೆ, ಶೂರನನ್ನೂ ಎದುರಾಳಿಯನ್ನು ಅಡಗಿಸುವವನನ್ನೂ ಸೂಚಿಸುವುದೆಂದು ಕನ್ನಡದ ಕಿವಿಗೆ ಕೇಳಿಸುತ್ತದೆ. ಆ ಶಬ್ದಕ್ಕೆ ತಕ್ಕ ಮೈಯನ್ನೇ ಆ ಶಿಲ್ಪಿ ಕಡೆದಿರಬೇಕೆಂದು ನನ್ನ ಊಹೆ. ಭೇರುಂಡದ ಹೆಸರು ಆ ಪ್ರಾಂತದ ನೆಲವನ್ನಳೆಯುವ ಗಳೆಗೂ ಅಂಟಿಕೊಂಡಿತು. ಪುರಾಣದಲ್ಲಿ ಹುಟ್ಟುವುದಕ್ಕೆ ಮುಂಚೆಯೇ ಈ ಪ್ರಾಣಿ ಹೊಲಗದ್ದೆಗಳ ವ್ಯವಹಾರದಲ್ಲಿ ಬದುಕುತ್ತಿದ್ದಿತೆನ್ನಬಹುದು.

ಅದಕ್ಕೆ ಜನ್ಮಕಾರಣ ಒದಗಿದುದು ಶರಭದ ಮೂಲಕ. ಎಂಟು ಕಾಲುಗಳ, ಮೇಲ್ಮುಖವಾದ ಕಣ್ಣುಗಳ, ಸಿಂಹವನ್ನೂ ಕೊಲ್ಲಬಲ್ಲ ಈ ಮೃಗದ ಕಥೆಯೊಂದು ಮಹಾಭಾರತದ ಶಾಂತಿಪರ್ವದಲ್ಲಿದೆ. ಅರಣ್ಯದಲ್ಲಿದ್ದ ಮುನಿಯೊಬ್ಬನ ಬಳಿಯ ನಾಯಿ, ಚಿರತೆಗೆ ಹೆದರಿ ಅವನ ಮರೆಹೊಕ್ಕಾಗ, ಅವನು ಅದನ್ನು ಚಿರತೆಯನ್ನಾಗಿ ಮಾಡಿದನು. ಹುಲಿ ಬಂದಾಗ ಹುಲಿಯಾಯಿತು, ಆನೆ ಬಂದಾಗ ಆನೆಯಾಯಿತು, ಸಿಂಹ ಬಂದಾಗ ಸಿಂಹವಾಯಿತು, ಕಡೆಗೆ ಶರಭ ಬಂದಾಗ ಶರಭವೇ ಆಗಿ, ತನ್ನನ್ನು ಕಾಪಾಡಿದ ಮುನಿಯನ್ನೇ ತಿನ್ನಲೆಳಸಿ, ಅವನ ನುಡಿಯಿಂದ ಮರಳಿ ನಾಯಿಯಾಯಿತು. ಇಲ್ಲಿ ಭಯವೇ ಪ್ರಾಣಿಗಳನ್ನು ಹೆರುವ ತಾಯಿ. ಪ್ರತಿಯೊಂದು ಬಲಕ್ಕೂ ಮೇಲೊಂದು ಬಲವುಂಟೆಂಬ ಶಂಕೆ, ಕಂಡ ಮೃಗಗಳೆಲ್ಲ ಮುಗಿದ ಮೇಲೆ, ಕಾಣದ ಮೃಗವನ್ನು ಕರೆದು ತರುತ್ತದೆ.

ಈ ಸೋಪಾನವನ್ನು ಹೊಯ್ಸಳ ಶಿಲ್ಪಿ ಇನ್ನೊಂದು ಮೆಟ್ಟಿಲು ಮೇಲಕ್ಕೇರಿಸಿದನು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಶಿಲ್ಪವಿದೆ: ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹವನ್ನು ಶರಭ ನುಂಗುತ್ತಿದೆ, ಶರಭವನ್ನು ಗಂಡಭೇರುಂಡ ಸೀಳುತ್ತಿದೆ, ಪಕ್ಕದಲ್ಲಿ ಋಷಿಯೊಬ್ಬನು ಇದೆಲ್ಲವನ್ನೂ ವಿಸ್ಮಯದಿಂದ ನೋಡುತ್ತಿದ್ದಾನೆ. ಶಾಂತಿಪರ್ವದ ಮುನಿಯನ್ನು ನೆನೆದೇ ಶಿಲ್ಪಿ ಈ ಋಷಿಯನ್ನು ಕಡೆದನೆಂದು ನಾನು ಸಾಧಿಸಲಾರೆ. ಆದರೂ ಆ ಮುಖದ ಮುಂದೆ ನಿಂತವನಿಗೆ ಆ ಮುನಿ ನೆನಪಾಗದಿರುವುದು ಕಷ್ಟ. ಜಿಂಕೆ, ಹಾವು, ಆನೆ, ಸಿಂಹ ಇವನ್ನು ನಾವು ಬಲ್ಲೆವು. ಅವುಗಳ ನಿಜವನ್ನು ನಂಬಿದ ಕಣ್ಣು ಅದೇ ಸಾಲಿನಲ್ಲಿ ಜಾರಿ ಉಳಿದ ಎರಡನ್ನೂ ನಂಬಿಬಿಡುತ್ತದೆ. ಕಲ್ಪಿತಪ್ರಾಣಿಯನ್ನು ಲೋಕದೊಳಕ್ಕೆ ಬರಮಾಡಿಕೊಳ್ಳುವ ಕೌಶಲವನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಕೃತಿಯನ್ನು ನಾನು ಕಂಡಿಲ್ಲ.

ಮತಗಳ ಸ್ಪರ್ಧೆಯೂ ಇದೇ ಸೋಪಾನವನ್ನು ಏರಿತು. ಹಿರಣ್ಯಕಶಿಪುವನ್ನು ಸೀಳಿದ ನರಸಿಂಹನ ಉಗ್ರತೆ ಶಮನವಾಗದಿರಲು ಶಿವನ ಅಂಶವು ಶರಭರೂಪದಿಂದ ಬಂದು ಅವನನ್ನು ಅಡಗಿಸಿತೆಂದು ಶೈವರು ಹೇಳಿದರು. ಎರಡನೆಯ ರಾಜರಾಜ ಚೋಳನ ದಾರಾಸುರದ ದೇವಾಲಯದಲ್ಲಿ ಆ ಶರಭಮೂರ್ತಿಯಿದೆ. ಇದನ್ನು ಸಹಿಸದ ವೈಷ್ಣವರು, ನರಸಿಂಹನೇ ಗಂಡಭೇರುಂಡನಾಗಿ ಶರಭವನ್ನು ಹಿಡಿದನೆಂದರು. ಹೀಗೆ, ಎಂದೋ ಇದ್ದ ರೂಪಕ್ಕೆ, ಎಂದೋ ಇದ್ದ ಹೆಸರಿಗೆ, ವಾದದ ಕಾವಿನಲ್ಲಿ ಜನ್ಮವೂ ಉದ್ದೇಶವೂ ದೊರೆತುವು. ಆ ಕಲಹದ ಕಹಿ ಇಂದು ನಮಗೆ ಬೇಡ. ಅದರಿಂದ ಹುಟ್ಟಿದ ಕಲ್ಪನೆಯ ವೈಭವವನ್ನಾದರೂ ಆದರದಿಂದ ಕಾಣಬೇಕು.

ಅರಸರಿಗೆ ಈ ವಾದಕ್ಕಿಂತ ಪ್ರಾಣಿಯ ಪರಾಕ್ರಮ ಪ್ರಿಯವಾಯಿತು. ವಿಜಯನಗರದ ದೊರೆಗಳು ಆನೆಗಳ ಹಿಂಡಿಗೆ ಭೇರುಂಡರೆಂಬ ಅರ್ಥದಲ್ಲಿ ‘ಗಜೌಘ ಗಂಡಭೇರುಂಡ’ ಎಂದು ಹೊಗಳಿಸಿಕೊಂಡರು. 1529ರಲ್ಲಿ ಪಟ್ಟಕ್ಕೆ ಬಂದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಅದು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದು ಹಾರುತ್ತದೆ. ಇಷ್ಟು ಹೊತ್ತಿಗೆ ಬಳ್ಳಿಗಾವಿಯ ಮನುಷ್ಯದೇಹ ಮರೆಯಾಗಿ ಹಕ್ಕಿಯ ಮೈ ಸ್ಥಿರವಾಗಿದ್ದಿತು. ಕೆಳದಿಯ ರಾಮೇಶ್ವರ ದೇವಾಲಯದ ಒಳಛಾವಣಿಯಾದ ಭುವನೇಶ್ವರಿಯಲ್ಲಿ ಇರುವುದೂ ಅಂತಹದೇ ಹಕ್ಕಿ. ಮೈಸೂರಿನ ಒಡೆಯರ ಲಾಂಛನವಾಗಿ, ಅಲ್ಲಿಂದ ಕರ್ನಾಟಕ ರಾಜ್ಯದ ಮುದ್ರೆಗೆ ಬಂದು, ಅದು ಇಂದು ಸರ್ಕಾರದ ಪ್ರತಿಯೊಂದು ಕಾಗದದ ನೆತ್ತಿಯ ಮೇಲೆ ಕುಳಿತಿದೆ.

ಆ ಮುದ್ರೆಯ ಎರಡು ಪಾರ್ಶ್ವಗಳಲ್ಲಿ, ಸಿಂಹದ ಮೈಗೆ ಆನೆಯ ತಲೆಯಿಟ್ಟುಕೊಂಡು ನಿಂತಿರುವ ಪ್ರಾಣಿಗಳನ್ನು ಶರಭಗಳೆಂದೇ ಕರೆಯುತ್ತಾರೆ. ಎಂಟು ಕಾಲುಗಳು ಎಲ್ಲಿಯೋ ಕಳೆದುಹೋಗಿವೆ. ಬೇಲೂರಿನಲ್ಲಿ ಗಂಡಭೇರುಂಡಕ್ಕೆ ಆಹಾರವಾಗಿದ್ದ ಶರಭ, ಅದರ ಅಂಗರಕ್ಷಕನಾಗಿ ಒಂದೇ ಪೀಠದ ಮೇಲೆ ನಿಲ್ಲುವಂತಾದುದು ಹೇಗೆ? ಅವೆರಡಕ್ಕೂ ಸಂಧಿಯಾದ ಕಥೆಯನ್ನು ನಾನು ಓದಿದ ಯಾವ ಪುರಾಣದಲ್ಲಿಯೂ ಕಂಡಿಲ್ಲ. ಅದನ್ನು ಕಟ್ಟುವ ಕೆಲಸ ಇನ್ನೂ ಯಾವನಾದರೂ ಕನ್ನಡದ ಕಥೆಗಾರನಿಗೆ ಕಾದಿದೆ.