ಹವ್ಯಾಸಿ ವಿನ್ಯಾಸಕ್ಕೆ ಗಣಕ ನಕ್ಷಾ ತಂತ್ರಾಂಶಗಳು

ಗಣಕ ನಕ್ಷಾ ತಂತ್ರಾಂಶವೆಂದರೆ ಅಳತೆಗೆ ಬದ್ಧವಾದ ನಕ್ಷೆಗಳನ್ನು ಕಾಗದದ ಬದಲು ಗಣಕಯಂತ್ರದ ಪರದೆಯ ಮೇಲೆ ರಚಿಸಲು, ತಿದ್ದಲು ಮತ್ತು ಮುದ್ರಿಸಲು ನೆರವಾಗುವ ತಂತ್ರಾಂಶ. ರೂಢಿಯಲ್ಲಿ ಇದನ್ನು ‘ಕ್ಯಾಡ್’ ಎಂದು ಕರೆಯುತ್ತಾರೆ. ಎಂಜಿನಿಯರುಗಳಿಗೂ ವಾಸ್ತುಶಿಲ್ಪಿಗಳಿಗೂ ಮೀಸಲಾಗಿದ್ದ ಈ ಸಾಧನವನ್ನು ಇಂದು ಮನೆಯ ಪೀಠೋಪಕರಣ, ನಾಮಫಲಕ, ಆಟಿಕೆ, ಕೈತೋಟದ ವಿನ್ಯಾಸಗಳಿಗಾಗಿ ಹವ್ಯಾಸಿಗಳೂ ಬಳಸುತ್ತಾರೆ. ಅಂಥವರು ಕಡಿಮೆ ವೆಚ್ಚದಲ್ಲಿ, ಸುಲಭವಾಗಿ ಕಲಿಯಬಲ್ಲ ತಂತ್ರಾಂಶವನ್ನು ಆರಿಸಿಕೊಳ್ಳುವ ಬಗೆಯನ್ನು ಈ ಲೇಖನ ದಕ್ಷಿಣ ಬೆಂಗಳೂರಿನ ಉದಾಹರಣೆಗಳೊಂದಿಗೆ ವಿವರಿಸುತ್ತದೆ.

ಹಿನ್ನೆಲೆ

ಐವಾನ್ ಸದರ್ಲ್ಯಾಂಡ್ ಅವರು 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮಂಡಿಸಿದ ‘ಸ್ಕೆಚ್‌ಪ್ಯಾಡ್’ ಈ ಪರಂಪರೆಯ ಮೊದಲ ಮೈಲಿಗಲ್ಲು. ಅದರಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆಯಬಹುದಾಗಿತ್ತು. 1982ರ ಡಿಸೆಂಬರಿನಲ್ಲಿ ಆಟೋಡೆಸ್ಕ್ ಸಂಸ್ಥೆ ಹೊರತಂದ ಆಟೋಕ್ಯಾಡ್, ಈ ವಿದ್ಯೆಯನ್ನು ಮೇಜಿನ ಮೇಲಿನ ಸಣ್ಣ ಗಣಕಯಂತ್ರಕ್ಕೆ ಇಳಿಸಿತು. ಕರ್ನಾಟಕದಲ್ಲಿ ನಕ್ಷೆ ಕಲಿಯುವವರ ಸಂಗಾತಿಗಳಾಗಿ ಬಹುಕಾಲ ಇದ್ದವು ನಕ್ಷಾಫಲಕ, ಟಿ-ಸ್ಕ್ವೇರ್ ಮತ್ತು ಮಿನಿ ಡ್ರಾಫ್ಟರ್. ಐಟಿಐಗಳಲ್ಲಿ ಸಿವಿಲ್ ಹಾಗೂ ಮೆಕ್ಯಾನಿಕಲ್ ಡ್ರಾಫ್ಟ್ಸ್‌ಮನ್ ಎಂಬ ಎರಡು ವರ್ಷಗಳ ತರಬೇತಿಗಳಿವೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಗಣಕಾಧಾರಿತ ವಿಷಯವಾಗಿದೆ.

ದಕ್ಷಿಣ ಬೆಂಗಳೂರಿನ ಸಂದರ್ಭ

ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳು ಯೋಜಿತ ವಸತಿ ಪ್ರದೇಶಗಳು. ಇಲ್ಲಿ ನಿವೇಶನದ ಮಾತು ಇಂದಿಗೂ ‘ಮೂವತ್ತು-ನಲವತ್ತು’ ಎಂದು ಅಡಿಗಳಲ್ಲೇ ನಡೆಯುತ್ತದೆ. ಆದರೆ ಪ್ಲೈವುಡ್ ಹಾಳೆಯ ದಪ್ಪ, ತಿರುಪಿನ ವ್ಯಾಸ, ಲೇಸರ್ ಕತ್ತರಿಸುವ ಅಂಗಡಿಯವರು ಕೇಳುವ ಅಳತೆ ಇವೆಲ್ಲ ಮಿಲಿಮೀಟರಿನಲ್ಲಿರುತ್ತವೆ. ಹೀಗಾಗಿ ಆರಂಭಿಕರು ಎಡವುವುದು ಗೆರೆ ಎಳೆಯುವಲ್ಲಿ ಅಲ್ಲ, ಮೂಲಮಾನದಲ್ಲಿ. 30×40 ಅಡಿಯ ನಿವೇಶನ 9,144×12,192 ಮಿ.ಮೀ. ಆಗುತ್ತದೆ. ಹೊಸ ಕಡತ ತೆರೆದೊಡನೆ ಮೂಲಮಾನವನ್ನು ನಿಗದಿಪಡಿಸದಿದ್ದರೆ, ಮೂವತ್ತು ಅಡಿಯ ಗೋಡೆ ಮೂವತ್ತು ಮಿಲಿಮೀಟರ್ ಆಗಿ ಮುದ್ರಣಗೊಳ್ಳುವುದುಂಟು.

ಇನ್ನೊಂದು ತೊಡಕು ನೋಟಗಳ ಜೋಡಣೆಯದು. ಭಾರತೀಯ ಮಾನಕ ಬ್ಯೂರೊದ ಎಸ್‌ಪಿ 46 ಕೈಪಿಡಿಯಂತೆ ನಮ್ಮ ಶಾಲಾ-ಕಾಲೇಜುಗಳಲ್ಲಿ ಪ್ರಥಮ ಕೋನ ಪ್ರಕ್ಷೇಪಣೆ ಬಳಕೆಯಲ್ಲಿದೆ. ಇದರಲ್ಲಿ ಮೇಲ್ನೋಟವು ಮುಂನೋಟದ ಕೆಳಗೆ ಬರುತ್ತದೆ. ಅಮೆರಿಕದ ರೂಢಿಯಾದ ತೃತೀಯ ಕೋನದಲ್ಲಿ ಅದು ಮೇಲೆ ಬರುತ್ತದೆ. ತಂತ್ರಾಂಶದಲ್ಲಿ ಯಾವುದು ಆಯ್ಕೆಯಾಗಿದೆ ಎಂಬುದನ್ನು ವಿದ್ಯಾರ್ಥಿಗಳು ಮೊದಲೇ ಪರಿಶೀಲಿಸಬೇಕು.

ಬೆಲೆ ಮತ್ತು ಪರವಾನಗಿ

‘ಉಚಿತ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಸಂಸ್ಥೆಯೊಂದು ತನ್ನ ಇಚ್ಛೆಯಿಂದ ಸದ್ಯಕ್ಕೆ ಹಣ ಕೇಳದೆ ಕೊಡುವುದು. ಇನ್ನೊಂದು, ಬಳಸುವ, ನಕಲಿಸುವ, ತಿದ್ದುವ ಹಕ್ಕನ್ನು ಪರವಾನಗಿಯಲ್ಲೇ ಬರೆದುಕೊಡುವ ಮುಕ್ತ ತಂತ್ರಾಂಶ. ಹವ್ಯಾಸಿಗೆ ಈ ವ್ಯತ್ಯಾಸ ಮುಖ್ಯವಾದದ್ದು, ಏಕೆಂದರೆ ಅವನ ಕೆಲಸ ವರ್ಷಗಟ್ಟಲೆ ಬಿಟ್ಟುಬಿಟ್ಟು ನಡೆಯುತ್ತದೆ. ಆಟೋಡೆಸ್ಕ್ ಹವ್ಯಾಸಿಗಳಿಗಾಗಿಯೇ ರೂಪಿಸಿದ್ದ ‘123ಡಿ’ ಸರಣಿ 2017ರಲ್ಲಿ ನಿಂತುಹೋಯಿತು. ಗಣಕದಲ್ಲಿ ಸ್ಥಾಪಿಸಿಕೊಳ್ಳಬಹುದಾಗಿದ್ದ ಉಚಿತ ಸ್ಕೆಚ್‌ಅಪ್ ಮೇಕ್ 2017ರ ಆವೃತ್ತಿಯ ನಂತರ ಬರಲಿಲ್ಲ. ಡ್ರಾಫ್ಟ್‌ಸೈಟ್‌ನ ಉಚಿತ ಆವೃತ್ತಿಗಳು 2019ರ ಅಂತ್ಯಕ್ಕೆ ಕೆಲಸ ನಿಲ್ಲಿಸಿದವು. ಫ್ಯೂಷನ್ 360ರ ವೈಯಕ್ತಿಕ ಪರವಾನಗಿಗೆ 2020ರಲ್ಲಿ, ಒಮ್ಮೆಗೆ ಹತ್ತು ಕಡತಗಳನ್ನು ಮಾತ್ರ ತಿದ್ದಬಹುದೆಂಬ ಮಿತಿ ಬಂತು. ಇವು ಯಾವುವೂ ಮೋಸವಲ್ಲ, ಕೊಟ್ಟವರಿಗೆ ಹಿಂಪಡೆಯುವ ಹಕ್ಕಿತ್ತು. ಆದರೆ ಹಳೆಯ ನಕ್ಷೆಗಳನ್ನು ಬೇರೆಡೆ ತೆರೆಯಬಲ್ಲ ಮಾದರಿಯಲ್ಲಿ ಉಳಿಸಿಕೊಳ್ಳದವರು ಅವನ್ನು ಮತ್ತೆ ಬಿಡಿಸಬೇಕಾಗುತ್ತದೆ.

ಆದ್ದರಿಂದ ತಂತ್ರಾಂಶಕ್ಕಿಂತ ಮೊದಲು ಕಡತದ ಮಾದರಿಯನ್ನು ನೋಡುವುದು ಲೇಸು. ಎರಡು ಆಯಾಮದ ನಕ್ಷೆಗೆ ಡಿಎಕ್ಸ್‌ಎಫ್, ಅಲಂಕಾರಿಕ ರೇಖಾಚಿತ್ರಕ್ಕೆ ಎಸ್‌ವಿಜಿ, ಘನಾಕೃತಿಗೆ ಸ್ಟೆಪ್, ಮೂರು ಆಯಾಮದ ಮುದ್ರಣಕ್ಕೆ ಎಸ್‌ಟಿಎಲ್ ಮಾದರಿಗಳು ಹಲವು ತಂತ್ರಾಂಶಗಳಲ್ಲಿ ತೆರೆಯುತ್ತವೆ.

ಆಟೋಡೆಸ್ಕ್ 2016ರಲ್ಲಿ ಶಾಶ್ವತ ಪರವಾನಗಿಗಳ ಮಾರಾಟ ನಿಲ್ಲಿಸಿದ ಮೇಲೆ ಆಟೋಕ್ಯಾಡ್ ಚಂದಾ ಕಟ್ಟಿ ಬಳಸುವ ತಂತ್ರಾಂಶವಾಗಿದೆ. ಅರ್ಹ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಶೈಕ್ಷಣಿಕ ಪರವಾನಗಿ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಸಂಪಾದನೆಯ ಕೆಲಸ ಮಾಡುವಂತಿಲ್ಲ. ಕಳ್ಳಪ್ರತಿ ಬಳಸುವುದು ಅಪರಾಧ. ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದಂತೆ ತಿಳಿದೂ ತಂತ್ರಾಂಶದ ಕಳ್ಳಪ್ರತಿ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಲಾಭದ ಉದ್ದೇಶವಿಲ್ಲದಿದ್ದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟು 50,000 ರೂಪಾಯಿ ಮೀರದ ದಂಡ ವಿಧಿಸಲು ಅವಕಾಶವಿದೆ.

ಆರಂಭಿಕರಿಗೆ ಸೂಕ್ತವಾದವು

ಲಿಬ್ರೆಕ್ಯಾಡ್ ಎರಡು ಆಯಾಮದ ನಕ್ಷೆಗೆ ಮೀಸಲಾದ ಮುಕ್ತ ತಂತ್ರಾಂಶ. ಕ್ಯುಕ್ಯಾಡ್‌ನ ಸಮುದಾಯ ಆವೃತ್ತಿಯಿಂದ ಕವಲೊಡೆದದ್ದು. ಹಳೆಯ ಗಣಕಯಂತ್ರದಲ್ಲೂ ಓಡುತ್ತದೆ, ಅಂತರಜಾಲ ಬೇಡ. ಕಾಗದದ ಮೇಲೆ ನಕ್ಷೆ ಬರೆದು ಅಭ್ಯಾಸವಿರುವ ಹಿರಿಯರಿಗೆ ಇದೇ ಹತ್ತಿರವೆನಿಸುತ್ತದೆ. ಫ್ರೀಕ್ಯಾಡ್ ಮೂರು ಆಯಾಮದ ಮುಕ್ತ ತಂತ್ರಾಂಶ. ಅದರ 1.0 ಆವೃತ್ತಿ 2024ರ ನವೆಂಬರಿನಲ್ಲಿ ಬಂತು. ಇದರಲ್ಲಿ ಒಂದು ಅಳತೆ ಬದಲಿಸಿದರೆ ಅದಕ್ಕೆ ಹೊಂದಿಕೊಂಡ ಭಾಗಗಳೂ ಬದಲಾಗುವಂತೆ ಆಕೃತಿಯನ್ನು ಕಟ್ಟಬಹುದು. ಶಕ್ತಿ ಹೆಚ್ಚು, ಆದರೆ ಮೊದಲ ವಾರಗಳಲ್ಲಿ ತಾಳ್ಮೆ ಬೇಕು.

ಮಕ್ಕಳಿಗೆ ಟಿಂಕರ್‌ಕ್ಯಾಡ್ ಸುಲಭ. ಬ್ರೌಸರಿನಲ್ಲೇ ನಡೆಯುವ ಇದು 2013ರಿಂದ ಆಟೋಡೆಸ್ಕ್‌ನ ಒಡೆತನದಲ್ಲಿದ್ದು, ಘನಾಕೃತಿಗಳನ್ನು ಆಟದ ಇಟ್ಟಿಗೆಗಳಂತೆ ಜೋಡಿಸುವ ವಿಧಾನವನ್ನು ಅನುಸರಿಸುತ್ತದೆ. ಮನೆಯೊಳಗಿನ ಕೋಣೆ, ಮಂಚ, ಬೀರುಗಳ ಜೋಡಣೆಗೆ ಸ್ವೀಟ್ ಹೋಮ್ 3ಡಿ ಸಾಕು. ಆನ್‌ಶೇಪ್‌ನ ಉಚಿತ ಯೋಜನೆಯಲ್ಲಿ ನಕ್ಷೆಗಳು ಎಲ್ಲರಿಗೂ ಕಾಣುತ್ತವೆ. ಬ್ಲೆಂಡರ್ ಉತ್ತಮ ಕಲಾಸಾಧನವೇ ಹೊರತು ಅಳತೆಯ ನಕ್ಷೆಗೆ ಹೇಳಿ ಮಾಡಿಸಿದ್ದಲ್ಲ.

ಉದಾಹರಣೆ: ಗೊಂಬೆ ಹಬ್ಬದ ಮೆಟ್ಟಿಲು

ದಸರೆಯಲ್ಲಿ ಗೊಂಬೆ ಕೂರಿಸುವ ಮೆಟ್ಟಿಲುಗಳು ಸಾಮಾನ್ಯವಾಗಿ ಬೆಸಸಂಖ್ಯೆಯಲ್ಲಿರುತ್ತವೆ. 1220 ಮಿ.ಮೀ. ಅಗಲದ ಐದು ಮೆಟ್ಟಿಲುಗಳನ್ನು, ಪ್ರತಿ ಮೆಟ್ಟಿಲಿಗೆ 250 ಮಿ.ಮೀ. ಆಳ ಮತ್ತು 200 ಮಿ.ಮೀ. ಎತ್ತರ ಇಟ್ಟು ಮಾಡುವುದಾದರೆ ಎಷ್ಟು ಪ್ಲೈವುಡ್ ಬೇಕು? ಹಾಳೆಯ ಅಳತೆ 8×4 ಅಡಿ, ಅಂದರೆ 2440×1220 ಮಿ.ಮೀ. ಐದು ಮೆಟ್ಟಿಲು ಹಲಗೆಗಳಿಗೂ ಐದು ಮುಂಪಟ್ಟಿಗಳಿಗೂ ಸೇರಿ ಹಾಳೆಯ ಉದ್ದದಲ್ಲಿ 2250 ಮಿ.ಮೀ. ಬೇಕು. ಗರಗಸದ ಪ್ರತಿ ಕೊಯ್ತಕ್ಕೆ 3 ಮಿ.ಮೀ.ನಂತೆ ಇನ್ನೊಂದು 30 ಸೇರಿಸಿದರೂ ಒಂದು ಹಾಳೆ ಸಾಲುತ್ತದೆ.

ತೊಡಕಿರುವುದು ಎರಡು ಪಕ್ಕದ ಹಲಗೆಗಳಲ್ಲಿ. ಒಂದೊಂದೂ 1250 ಮಿ.ಮೀ. ಆಳ, 1000 ಮಿ.ಮೀ. ಎತ್ತರ. ಅಕ್ಕಪಕ್ಕ ಇಟ್ಟರೆ 2500 ಆಗಿ 2440ನ್ನು ಮೀರುತ್ತದೆ. ತಿರುಗಿಸಿ ಇಟ್ಟರೆ 1250 ಎಂಬುದು ಹಾಳೆಯ ಅಗಲವಾದ 1220ರೊಳಗೆ ಹಿಡಿಸುವುದಿಲ್ಲ. ಮೂರನೆಯ ಹಾಳೆ ಕೊಳ್ಳಬೇಕೇನೋ ಎನಿಸುವುದು ಇಲ್ಲೇ. ತಂತ್ರಾಂಶದಲ್ಲಿ ಒಂದು ಹಲಗೆಯನ್ನು ನಕಲಿಸಿ, 180 ಡಿಗ್ರಿ ತಿರುಗಿಸಿ, ಮೆಟ್ಟಿಲಿನ ಹಲ್ಲುಗಳು ಪರಸ್ಪರ ಕೂಡುವಂತೆ ಸರಿಸಿದರೆ ಎರಡೂ ಸೇರಿ 1500×1000 ಮಿ.ಮೀ.ನ ಒಂದು ಆಯತವಾಗುತ್ತವೆ. ಕೊಯ್ತದ ಎಡೆ ಬಿಟ್ಟರೂ ಒಂದೇ ಹಾಳೆಯಲ್ಲಿ ಬಿಡುವಾಗಿ ಹಿಡಿಸುತ್ತವೆ. ಲಿಬ್ರೆಕ್ಯಾಡ್‌ನಲ್ಲಿ ಇದು ಹತ್ತು ನಿಮಿಷದ ಕೆಲಸ, ಉಳಿತಾಯ ಒಂದು ಪೂರ್ಣ ಹಾಳೆ.

ಕನ್ನಡ ಅಕ್ಷರಗಳು

ಮನೆಯ ನಾಮಫಲಕಕ್ಕೆ ಕನ್ನಡ ಅಕ್ಷರ ಬೇಕಾದಾಗ ಹಲವು ಕ್ಯಾಡ್ ತಂತ್ರಾಂಶಗಳು ಕೈಕೊಡುತ್ತವೆ. ಲಿಬ್ರೆಕ್ಯಾಡ್ ತನ್ನದೇ ಗೆರೆ-ಅಕ್ಷರಗಳನ್ನು ಬಳಸುವುದರಿಂದ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ. ‘ಲಕ್ಷ್ಮೀ’ ಎಂಬಲ್ಲಿ ಮೂರು ವ್ಯಂಜನಗಳು ಒಂದರ ಕೆಳಗೊಂದು ಬರಬೇಕಾದ್ದರಿಂದ ಪರೀಕ್ಷೆಗೆ ಅದೇ ಒಳ್ಳೆಯ ಪದ. ಮುಕ್ತ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಯುನಿಕೋಡ್ ಕನ್ನಡವನ್ನು ಬರೆದು, ಅಕ್ಷರವನ್ನು ರೇಖಾಪಥವಾಗಿ ಪರಿವರ್ತಿಸಿ, ಡಿಎಕ್ಸ್‌ಎಫ್ ಅಥವಾ ಎಸ್‌ವಿಜಿಯಾಗಿ ಉಳಿಸುವುದು ನಂಬಲರ್ಹ ದಾರಿ. ಹೀಗೆ ಪರಿವರ್ತಿಸಿದ ಮೇಲೆ ಅಂಗಡಿಯ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಪರಿವರ್ತನೆಯ ನಂತರ ಕಾಗುಣಿತ ತಿದ್ದಲಾಗದು, ಆದಕಾರಣ ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು.

ಅಕ್ಷರವನ್ನು ಆರಪಾರ ಕತ್ತರಿಸುವುದಾದರೆ ಸೊನ್ನೆಯ ಒಳಗಿನ ತುಂಡು ಬಿದ್ದುಹೋಗುತ್ತದೆ. ‘ಬನಶಂಕರಿ’ಯ ಸೊನ್ನೆ ಬರಿಯ ತೂತಾಗದಂತೆ ಒಳತುಂಡನ್ನು ಹೊರಗಿನ ಹಲಗೆಗೆ ಕಿರಿದಾದ ಸೇತುವೆಗಳಿಂದ ಜೋಡಿಸಿ ನಕ್ಷೆ ಮಾಡಬೇಕಾಗುತ್ತದೆ.

ಕಲಿಕೆ ಮತ್ತು ಮಿತಿ

ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಮುಕ್ತ ತಂತ್ರಾಂಶಗಳ ಪಾಠಗಳನ್ನು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ನೀಡುತ್ತದೆ, ಕನ್ನಡದಲ್ಲೂ ಪಾಠಗಳಿವೆ. ಶುಲ್ಕದ ಕ್ಯಾಡ್ ತರಬೇತಿ ಕೇಂದ್ರಗಳು ಬಹುತೇಕ ಉದ್ಯೋಗಾಕಾಂಕ್ಷಿಗಳನ್ನು ಗಮನದಲ್ಲಿಟ್ಟುಕೊಂಡಿರುತ್ತವೆ. ಹವ್ಯಾಸಿಗೆ ಅವು ಅನಿವಾರ್ಯವಲ್ಲ.

ಹವ್ಯಾಸಿ ಬಿಡಿಸಿದ ಮನೆಯ ನಕ್ಷೆ ಮನೆಮಂದಿಯ ಚರ್ಚೆಗೆ ಉಪಯುಕ್ತವಾದರೂ ಕಟ್ಟಡ ಪರವಾನಗಿಗೆ ಸಲ್ಲದು. ಪಾಲಿಕೆಗೆ ಸಲ್ಲಿಸುವ ನಕ್ಷೆಗೆ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರರ ಸಹಿ ಅಗತ್ಯ. ತೊಲೆ, ಕಂಬ, ಬಾಲ್ಕನಿಗಳ ಭಾರದ ಲೆಕ್ಕವನ್ನು ಈ ಲೇಖನದಲ್ಲಿ ಹೇಳಿದ ನಕ್ಷಾ ತಂತ್ರಾಂಶಗಳು ತಾವಾಗಿ ಮಾಡಿಕೊಡುವುದಿಲ್ಲ.