ನಮ್ಮ ನಡುವಿನ ಸಿದ್ದಿಯರು ಮತ್ತು ನಮ್ಮೊಳಗಿನ ವರ್ಣಭೇದ



ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ಜಿಲ್ಲೆಯ ಇತಿಹಾಸದ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಬನವಾಸಿ ಕದಂಬರು, ಸೋದೆ ಅರಸರ ಬಗ್ಗೆ ಬಲ್ಲವರು ಬರೆಯುತ್ತಾರೆ. ನಾನು ನಮ್ಮ ಪಕ್ಕದಲ್ಲೇ ಬದುಕುತ್ತಿರುವ ಸಿದ್ದಿ ಜನರ ಬಗ್ಗೆ ನಾಲ್ಕು ಮಾತು ಬರೆಯಬಯಸುತ್ತೇನೆ.

1893ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯವರನ್ನು ರೈಲಿನಿಂದ ಹೊರಗೆ ಹಾಕಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅಲ್ಲಿನ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು 1946ರಲ್ಲಿ ವಿಶ್ವಸಂಸ್ಥೆಯಲ್ಲಿ ಎತ್ತಿದ ದೇಶ ನಮ್ಮದು. ಇದು ಹೆಮ್ಮೆಯ ಸಂಗತಿಯೇ. ಆದರೆ ಇದರಿಂದ, ಬಣ್ಣ ನೋಡಿ ಮನುಷ್ಯನನ್ನು ಅಳೆಯೋದು ಬಿಳಿಯರ ರೋಗ, ನಮಗೆ ಇಲ್ಲ ಅನ್ನೋ ಭಾವನೆ ಬೆಳೆದುಬಿಟ್ಟಿದೆ.

ಸಿದ್ದಿಯರ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರು ಅವರನ್ನು ಹಡಗಿನಲ್ಲಿ ಗೋವೆಗೆ ತಂದು ಗುಲಾಮರನ್ನಾಗಿ ಮಾರಿದರು. ಕೊಂಡವರಲ್ಲಿ ನಮ್ಮ ದೇಶದವರೂ ಇದ್ದರು ಎಂಬುದನ್ನು ಮರೆಯಬಾರದು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡ ಕಡೆಯ ಕಾಡು ಸೇರಿದರು.

ಇವರಿಗೆ ಶಕ್ತಿ ಇರಲಿಲ್ಲ ಎಂದಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್, 1626ರಲ್ಲಿ ಸಾಯುವವರೆಗೂ ಅಹಮದನಗರ ರಾಜ್ಯವನ್ನು ನಡೆಸಿದನು. ಆತ ಮಾಡಿದ ಭೂಕಂದಾಯದ ವ್ಯವಸ್ಥೆ ಹೆಸರುವಾಸಿ. ಆತನನ್ನು ಸೋಲಿಸಲಾಗದ ಜಹಾಂಗೀರ್ ಬಾದಶಹ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುವ ಚಿತ್ರ ಬರೆಸಿಕೊಂಡ! ತನ್ನ ಆತ್ಮಕಥೆಯಲ್ಲಿ ಅಂಬರನ ಮೈಬಣ್ಣವನ್ನೇ ಬೈಗುಳ ಮಾಡಿದ. ಆಗ ಇನ್ನೂ ಇಂಗ್ಲಿಷರ ಆಳ್ವಿಕೆ ಬಂದಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಕಾಡು ಸೇರಿದ ಸಿದ್ದಿಯರಿಗೆ ಸಿಕ್ಕಿದ್ದು ಜಮೀನುದಾರರ ಮನೆಯ ದುಡಿಮೆ, ಸಾಲ, ಜೀತ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಅಂದರೆ ಸ್ವಾತಂತ್ರ್ಯ ಬಂದು 55 ವರ್ಷ ದಾಟಿದ ಮೇಲೆ! 2020ರಲ್ಲಿ ಶ್ರೀ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಜನಾಂಗದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರು ಅವರು.

ಹಾಗಾದರೆ ಈಗ ಎಲ್ಲಾ ಸರಿಹೋಯಿತೇ? ಇಲ್ಲ. 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ಒಬ್ಬನ ಕಾರು ಹಾಯ್ದು ಮಹಿಳೆಯೊಬ್ಬರು ತೀರಿಕೊಂಡರು. ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಗುಂಪುಗೂಡಿ ಹೊಡೆದರು. ಕಾರಣ ಬಣ್ಣ, ಅಷ್ಟೇ. ನಮ್ಮ ಸಿದ್ದಿ ಹುಡುಗರು ಪಟ್ಟಣಕ್ಕೆ ಹೋದರೆ ಅಚ್ಚ ಕನ್ನಡದಲ್ಲಿ ಮಾತಾಡಿದರೂ "ನಿಮ್ಮದು ಯಾವ ದೇಶ?" ಅಂತ ಕೇಳುತ್ತಾರೆ. ಕೂದಲು ಹಿಡಿದು ನಗುತ್ತಾರೆ. ಹಬ್ಬದ ಮೆರವಣಿಗೆಗೆ ಅವರ ಡಮಾಮಿ ಕುಣಿತ ಬೇಕು, ಪಂಕ್ತಿಯಲ್ಲಿ ಪಕ್ಕ ಕೂರೋದಕ್ಕೆ ಮಾತ್ರ ಮನಸ್ಸಿಲ್ಲ.

ಇದಕ್ಕೂ ಸೊಸೈಟಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ. ಪಹಣಿ ಇಲ್ಲದವನಿಗೆ ಬೆಳೆಸಾಲ ಹುಟ್ಟುವುದಿಲ್ಲ. ತಲೆತಲಾಂತರದಿಂದ ಸಾಗುವಳಿ ಮಾಡಿದರೂ ಅರಣ್ಯ ಅತಿಕ್ರಮಣದಾರ ಅನ್ನಿಸಿಕೊಂಡವನಿಗೆ ಪಹಣಿ ಎಲ್ಲಿಂದ ಬರಬೇಕು? ಯಾರೂ ಬಾಯಿಬಿಟ್ಟು ಬೈಯದಿದ್ದರೂ ಹಳೇ ಅನ್ಯಾಯ ಹೀಗೆ ಕಾಗದದಲ್ಲಿ ಮುಂದುವರಿಯುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರು ಮೂರು ತಲೆಮಾರಿನ ದಾಖಲೆ ತೋರಿಸಬೇಕಿಲ್ಲ. ಅರ್ಜಿ ತುಂಬಿಸಲು ನಾವು ನೆರವಾಗಬಹುದು. ಸ್ವಸಹಾಯ ಗುಂಪುಗಳ ಮೂಲಕ ಸಾಲ ಕೊಡಬಹುದು.

ಶೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ಸಹಕಾರ ತತ್ವ. ಅಲ್ಲಿ ಬಣ್ಣದ ಲೆಕ್ಕವಿಲ್ಲ. ಆದದ್ದನ್ನು ಆಯಿತೆಂದು ಒಪ್ಪಿಕೊಂಡರೆ ನಮ್ಮ ದೇಶದ ಮಾನ ಹೋಗುವುದಿಲ್ಲ, ಮುಚ್ಚಿಟ್ಟರೆ ಹೋಗುತ್ತದೆ. ಮುಂದಿನ 25 ವರ್ಷಗಳಲ್ಲಿ ನಮ್ಮ ಆಡಳಿತ ಮಂಡಳಿಯಲ್ಲಿ ಸಿದ್ದಿ ಬಂಧುಗಳೂ ಕೂರುವಂತಾಗಲಿ ಎಂದು ಹಾರೈಸುತ್ತಾ ನನ್ನ ಬರಹ ಮುಗಿಸುತ್ತೇನೆ.

ಜೈ ಸಹಕಾರ.